ನೀಲಿ ಡ್ರಮ್ಮು

ಪುಣೆಯಿಂದ ಒಂದು ಸಂಸಾರ ಹೊತ್ತ ಟೆಂಪೋ ಊರು ಮುಟ್ಟಿದಾಗ ರಾತ್ರಿ ಹನ್ನೊಂದೂವರೆ. ಕರೆಂಟ್ ಇರಲಿಲ್ಲ. ಮೊಬೈಲ್ ಬೆಳಕಿನಲ್ಲಿ ಒಂದೊಂದೇ ಸಾಮಾನು ಇಳಿಸಿದೆವು. ಕಬ್ಬಿಣದ ಮಂಚ, ಗ್ಯಾಸ್ ಒಲೆ, ಎರಡು ಟ್ರಂಕು, ದೇವರ ಫೋಟೋ, ಚೈನಿಲ್ಲದ ಸೈಕಲ್. ಕೊನೆಗೆ ಉಳಿದದ್ದು ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮು. 200 ಲೀಟರಿನದು. ಒಳಗೆ ಪಾತ್ರೆ ತುಂಬಿ, ಬಾಯಿಗೆ ಹಳೇ ಸೀರೆ ಬಿಗಿದಿದ್ದರು.

ಬೆಳಗ್ಗೆ ಪುಣೆಯಲ್ಲಿ ಇದೇ ಡ್ರಮ್ಮಿಗಾಗಿ ಜಗಳ ಆಗಿತ್ತು. ‘ಜಾಗ ಸಾಲೋದಿಲ್ಲ, ಇಲ್ಲೇ ಯಾರಿಗಾದರೂ ಕೊಟ್ಟುಬಿಡಿ, ಊರಲ್ಲಿ ಸಿಮೆಂಟಿನ ನೀರಿನ ತೊಟ್ಟಿ ಇದೆಯಲ್ಲ’ ಅಂದವನು ನಾನೇ. ಗಂಡನೂ ಹೂಂ ಅಂದ. ಹೆಂಡತಿ ಡ್ರಮ್ಮಿನ ಮೇಲೆ ಕೈ ಇಟ್ಟು ನಿಂತುಬಿಟ್ಟಳು.

“ಇದು ಬರಲಿಲ್ಲಂದ್ರ ನಾನೂ ಬರೂದಿಲ್ರಿ ಮಾಸ್ತರ.”

ಹೆಣ್ಣುಮಕ್ಕಳ ಹಟ ಅಂದುಕೊಂಡು ಮಂಚವನ್ನು ಅಡ್ಡ ಹಾಕಿ ಹೇಗೋ ಜಾಗ ಮಾಡಿದೆವು. ಆಕೆಯ ಹೆಸರು ಬರೆಯುವುದಿಲ್ಲ. ನಾವೆಲ್ಲ ವೈನಿ, ಅಂದರೆ ಅತ್ತಿಗೆ, ಅಂತಲೇ ಕರೆಯುವುದು, ಇಲ್ಲೂ ಹಾಗೇ ಇರಲಿ.

ನಾನು ಜತ್ತ ತಾಲೂಕಿನವನು. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಪೂರ್ವದ ತುದಿ. ನಮ್ಮ ಕಡೆಯ ಹಳ್ಳಿಗಳಿಗೆ ಸಾಂಗಲಿಗಿಂತ ವಿಜಯಪುರವೇ ಹತ್ತಿರ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ. ಗುಡ್ಡಾಪುರದ ದಾನಮ್ಮದೇವಿ ಗೊತ್ತಲ್ವಾ? ಛಟ್ಟಿ ಅಮಾವಾಸ್ಯೆಗೆ ಕರ್ನಾಟಕದಿಂದ ಜನ ನಡೆದುಕೊಂಡು ಬರುತ್ತಾರೆ. ಆ ಗುಡಿ ನಮ್ಮ ತಾಲೂಕಿನಲ್ಲೇ ಇರುವುದು. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು ನಾನು.

ನಮ್ಮದು ಮಳೆ ನೆರಳಿನ ಸೀಮೆ. ಮೋಡ ಬರುತ್ತದೆ, ನೋಡಿಕೊಂಡು ಹೋಗುತ್ತದೆ. ಕೃಷ್ಣೆಯ ನೀರನ್ನು ಮ್ಹೈಸಾಳದಲ್ಲಿ ಮೇಲೆತ್ತಿ ಪಂಪ್ ಮಾಡುವ ಯೋಜನೆಯ ಮಾತು ಕೇಳುತ್ತಲೇ ನನ್ನ ತಲೆ ಬೆಳ್ಳಗಾಯಿತು. ತಾಲೂಕಿನ ಕೆಲ ಭಾಗಕ್ಕೆ ಬಂದಿದೆ, ಪೂರ್ವದ ಹಳ್ಳಿಗಳು ಕಾಯುತ್ತಾ ಕೂತವು. ನೀರು ಕೊಡದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆ ಅಂತ ಹಿಂದೊಮ್ಮೆ ಹಳ್ಳಿಗಳು ಠರಾವು ಮಾಡಿದ್ದವು. 2022ರ ನವೆಂಬರ್‌ನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಆ ಮಾತು ಎತ್ತಿದಾಗ ಟಿವಿ ಕ್ಯಾಮೆರಾಗಳು ನಮ್ಮ ಕಡೆ ತಿರುಗಿದವು. ಕೇಳಿದ್ದು ನೀರು. ಸಿಕ್ಕಿದ್ದು ವಾರಪೂರ್ತಿ ಚರ್ಚೆ.

ನೀರಿಲ್ಲದ ಊರಿನ ಗಂಡಸು ಏನು ಮಾಡುತ್ತಾನೆ? ಸೆಂಟ್ರಿಂಗ್ ಕೆಲಸಕ್ಕೆ ಪುಣೆಗೆ ಹೋಗುತ್ತಾನೆ, ಇಲ್ಲಾ ಕಬ್ಬು ಕಡಿಯಲು ಹೋಗುತ್ತಾನೆ. ಮೊದಲು ಆರು ತಿಂಗಳಿಗೆ, ಆಮೇಲೆ ಮದುವೆಯಾಗಿ ಹೆಂಡತಿಯನ್ನೂ ಕರೆದುಕೊಂಡು. ತಗಡಿನ ಪತ್ರಾ ಹೊದಿಸಿದ ಹತ್ತು ಬೈ ಹತ್ತರ ಖೋಲಿ. ಊರಿನ ನಾಲ್ಕು ಮನೆಯವರು ಒಂದೇ ಗಲ್ಲಿಯಲ್ಲಿ. ಪುಣೆಯ ಕೆಲವು ಝೋಪಡಪಟ್ಟಿಗಳಲ್ಲಿ ಬೆಳಗ್ಗೆ ನಳದ ಹತ್ತಿರ ನಿಂತರೆ ವಿಜಯಪುರದ ಸಂತೆಯಲ್ಲಿ ನಿಂತ ಹಾಗೇ ಕೇಳಿಸುತ್ತದೆ. ಅದೇ ಬೈಗುಳ, ಅದೇ ‘ಯವ್ವಾ’.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಇವರೆಲ್ಲ ಒಮ್ಮೆಗೇ ಊರಿಗೆ ಬಂದರು. ಹಾಲಿನ ಗಾಡಿಯಲ್ಲಿ, ಬೈಕಿನಲ್ಲಿ ಮೂವರು, ನಡೆದೂ ಬಂದರು. ನಮ್ಮ ಶಾಲೆಯಲ್ಲೇ ಅವರನ್ನು ಹದಿನಾಲ್ಕು ದಿನ ಇಡಲಾಗಿತ್ತು. ನಾನು ಪಾಠ ಹೇಳಿದ ಹುಡುಗರೇ ಹೆಂಡತಿ ಮಕ್ಕಳ ಜೊತೆ ಅದೇ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದರು. ಆ ಜೂನ್‌ನಲ್ಲಿ ಕೇಂದ್ರ ಸರ್ಕಾರ, ಊರಿಗೆ ಮರಳಿದ ಕೂಲಿಗಳಿಗೆ ಕೆಲಸ ಕೊಡಲು 6 ರಾಜ್ಯಗಳ 116 ಜಿಲ್ಲೆಗಳಲ್ಲಿ 125 ದಿನಗಳ ಅಭಿಯಾನ ಶುರು ಮಾಡಿತು. ಮಹಾರಾಷ್ಟ್ರ ಆ ಪಟ್ಟಿಯಲ್ಲಿರಲಿಲ್ಲ. ಇಲ್ಲಿಗೆ ಬೇರೆಯವರು ದುಡಿಯಲು ಬರುತ್ತಾರೆ, ಇಲ್ಲಿಂದ ಯಾರೂ ಹೋಗುವುದಿಲ್ಲ ಅಂತ ದಿಲ್ಲಿಯವರ ಲೆಕ್ಕವೋ ಏನೋ. ದೀಪಾವಳಿ ಹೊತ್ತಿಗೆ ಮುಕ್ಕಾಲು ಜನ ವಾಪಸ್ ಪುಣೆಗೆ ಹೋಗಿದ್ದರು.

ಹೋಗಲು ಮನಸ್ಸಿಲ್ಲದವರೂ ಹೋದರು. ಅದು ನನ್ನನ್ನು ಕೊರೆಯಿತು. 2021ರಲ್ಲಿ ನಾವೊಂದಿಷ್ಟು ಜನ ಸೇರಿದೆವು. ಇಬ್ಬರು ಮಾಸ್ತರರು, ಒಬ್ಬ ಕಿರಾಣಿ ಅಂಗಡಿಯವ, ಒಬ್ಬ ನಿವೃತ್ತ ತಲಾಠಿ, ಅಂದರೆ ಗ್ರಾಮಲೆಕ್ಕಿಗ. ಸಂಸ್ಥೆ ಗಿಂಸ್ಥೆ ಏನಿಲ್ಲ, ಒಂದು ವಾಟ್ಸಾಪ್ ಗುಂಪು ಅಷ್ಟೇ. ಊರಿಗೆ ಬಂದು ನೆಲೆಸಬೇಕು ಅನ್ನುವವರಿಗೆ ಟೆಂಪೋ ಬಾಡಿಗೆ, ಕಾಗದಪತ್ರ, ಮೊದಲ ಮೂರು ತಿಂಗಳ ಕಿರಾಣಿ. ಇಷ್ಟು ಕೊಟ್ಟರೆ ಸಾಕು, ಉಳಿದದ್ದು ಅವರೇ ನೋಡಿಕೊಳ್ಳುತ್ತಾರೆ ಅಂತ ನಮ್ಮ ನಂಬಿಕೆ.

ದುಡ್ಡಿನ ವಿಷಯ ಬಂತು, ಒಂದು ಮಾತು ಹೇಳಿಬಿಡುತ್ತೇನೆ. ಪುಣೆಯ ಒಬ್ಬ ಸಾಹುಕಾರರು ಕೇಳಿದ ತಕ್ಷಣ ಹತ್ತು ಸಾವಿರ ಹಾಕಿದರು. ಆಮೇಲೆ ಫೋನಿನಲ್ಲಿ, ‘ಒಳ್ಳೇ ಕೆಲಸ ಮಾಸ್ತರ್, ಇವರೆಲ್ಲ ಊರಿಗೆ ಹೋದರೆ ನಮ್ಮ ಸೊಸೈಟಿ ಹಿಂದಿನ ಗಲೀಜಾದರೂ ಕಡಿಮೆಯಾಗುತ್ತದೆ’ ಅಂದರು. ಅವರ ಮನೆಯ ಪಾತ್ರೆ ತೊಳೆಯುವವಳು ಅದೇ ಗಲೀಜಿನಿಂದ ಬರುತ್ತಾಳೆ. ನಾನು ತಿರುಗಿ ಏನೂ ಹೇಳಲಿಲ್ಲ. ದುಡ್ಡೂ ವಾಪಸ್ ಕೊಡಲಿಲ್ಲ. ಟೆಂಪೋದವನಿಗೆ ಕೊಡುವುದಿತ್ತು.

ಮೊದಲು ಬಂದ ಕುಟುಂಬ ಐದೇ ತಿಂಗಳಿಗೆ ವಾಪಸ್ ಹೋಯಿತು. ಗಂಡ, ಹೆಂಡತಿ, ಮೂರು ಮಕ್ಕಳು. ಎಲ್ಲ ಸರಿ ಮಾಡಿಕೊಟ್ಟಿದ್ದೇವೆ ಅಂದುಕೊಂಡಿದ್ದೆವು. ರೇಷನ್ ಕಾರ್ಡಿನಲ್ಲಿ ಸಿಕ್ಕಿಬಿದ್ದೆವು. ಅಣ್ಣ ತಮ್ಮಂದಿರ ಒಂದೇ ಕಾರ್ಡು, ಅದರಲ್ಲಿ ತಮ್ಮನ ಸಂಸಾರದ ಹೆಸರನ್ನು ಅಣ್ಣ ಯಾವಾಗಲೋ ತೆಗೆಸಿದ್ದ. ಹೊಸ ಕಾರ್ಡಿಗೆ ಅರ್ಜಿ ಹಾಕಿ, ಒಂದು ಕಚೇರಿಗೆ ಏಳು ಸಲ ತಿರುಗಿದೆ. ಕಾರ್ಡು ಬಂತು. ಕೇಸರಿ ಬಣ್ಣದ್ದು, ನೋಡಲು ಚೆಂದ. ಧಾನ್ಯ ಬರಲಿಲ್ಲ. ‘ಇಷ್ಟಾಂಕ ತುಂಬಿದೆ ಮಾಸ್ತರ್’ ಅಂದರು. ಅಂದರೆ ಆಹಾರ ಭದ್ರತೆ ಕಾಯ್ದೆಯ ಧಾನ್ಯ ಇಷ್ಟು ಜನಕ್ಕೆ ಅಂತ ಒಂದು ಮಿತಿ ಇರುತ್ತದೆ. ಪಟ್ಟಿಯಿಂದ ಯಾರದ್ದಾದರೂ ಹೆಸರು ಹೋದರೆ ಮಾತ್ರ ಹೊಸಬರಿಗೆ ಜಾಗ. ತಲೆಗೆ 5 ಕಿಲೋದಂತೆ ಐದು ಜನಕ್ಕೆ ತಿಂಗಳಿಗೆ 25 ಕಿಲೋ. ಕೂಲಿಯವರ ಮನೆಯಲ್ಲಿ ಅದು ಸಣ್ಣ ಮಾತಲ್ಲ.

ಹಾಗಂತ ಅವರು ಹೋದದ್ದು ರೇಷನ್ನಿಗಾಗಿ ಅಂತ ನಾವು ನಾಲ್ವರೂ ನಂಬಿಕೊಂಡಿದ್ದೆವು. ಒಂದು ವರ್ಷದ ನಂತರ ಪುಣೆಯಲ್ಲಿ ಆ ಹೆಣ್ಣುಮಗಳೇ ಸಿಕ್ಕಳು. ಚಹಾ ಕುಡಿಸಿದಳು. ಕೇಳಿದೆ.

“ರೇಷನ್ ಅಲ್ರಿ ಮಾಸ್ತರ. ಇಲ್ಲಿ ನಾಕ ಮನಿ ಪಾತ್ರಿ ತಿಕ್ಕತೀನಿ. ತಿಂಗಳಾ ಎಂಟ ಸಾವಿರ ನನ್ನ ಕೈಗೆ ಬರತೈತಿ. ಅಲ್ಲಿ ಉಪ್ಪು ಬೇಕಂದ್ರೂ ಅತ್ತಿ ಮುಂದ ನಿಂದರಬೇಕು. ಊರು ಅವರದ್ರಿ. ನಂದೇನೈತಿ ಅಲ್ಲಿ?”

ಮೂವತ್ತೆರಡು ವರ್ಷ ಮಾಸ್ತರಿಕೆ ಮಾಡಿದವನಿಗೆ ಇದು ಹೊಳೆದಿರಲಿಲ್ಲ. ನಾವು ‘ಸ್ವಂತ ಊರು’ ಅನ್ನುತ್ತಿದ್ದದ್ದು ಗಂಡನ ಊರು. ಆಕೆ ಅಲ್ಲಿ ಮದುವೆಯಾಗಿ ಇದ್ದದ್ದೇ ಎಂಟು ತಿಂಗಳು, ಆಮೇಲೆ ಹನ್ನೊಂದು ವರ್ಷ ಪುಣೆ. ಮಕ್ಕಳನ್ನು ಹೆತ್ತದ್ದು, ಬೆಳೆಸಿದ್ದು, ಮೊದಲ ಸಲ ಸ್ವಂತ ಸಂಬಳ ಎಣಿಸಿದ್ದು ಎಲ್ಲ ಆ ಗಲ್ಲಿಯಲ್ಲಿ. ನಾವು ಆಕೆಯನ್ನು ಊರಿಗೆ ಕರೆತಂದೆವು ಅಂತ ಬೀಗಿದ್ದೇ ಬೀಗಿದ್ದು. ಆಕೆಯ ಲೆಕ್ಕದಲ್ಲಿ ಅದು ಊರು ಬಿಡಿಸಿದ ಹಾಗೆ.

ಕೂಲಿ ಸಿಗುತ್ತದಲ್ಲ, ರೋಜಗಾರ ಹಮಿ, ಅಂದರೆ ಉದ್ಯೋಗ ಖಾತ್ರಿ, ಇದೆಯಲ್ಲ ಅಂತ ನೀವು ಕೇಳಬಹುದು. ಅದು ನಮ್ಮ ಜಿಲ್ಲೆಯದೇ ಕೂಸು. ತಾಸಗಾಂವ ತಾಲೂಕಿನ ವಿ. ಸ. ಪಾಗೆಯವರು 1965ರಲ್ಲಿ ಅಲ್ಲೇ ಅದರ ಮೊದಲ ಪ್ರಯೋಗ ಮಾಡಿಸಿದರು. 1972ರ ಬರದಲ್ಲಿ ರಾಜ್ಯವೆಲ್ಲ ಇಂಥ ಬರ ಕಾಮಗಾರಿಗಳ ಮೇಲೇ ಉಸಿರಾಡಿತು. ನಮ್ಮವ್ವ ಖಡಿ ಒಡೆದು ಬಂದು, ಬರಗಾಲದಲ್ಲಿ ಹಂಚುತ್ತಿದ್ದ ಸುಕಡಿ ಹಿಟ್ಟು ಬೇಯಿಸಿ ಹಾಕಿದ್ದು ನನಗೆ ನೆನಪಿದೆ. ಮಿಲೋ ಜೋಳದ ಕೆಂಪು ರೊಟ್ಟಿಯ ವಾಸನೆಯೂ. 1977ರಲ್ಲಿ ರಾಜ್ಯದ ಕಾಯ್ದೆ, 2005ರಲ್ಲಿ ದೇಶದ ಕಾಯ್ದೆ ಆಯಿತು. 2024-25ರಲ್ಲಿ ಮಹಾರಾಷ್ಟ್ರದ ದಿನಗೂಲಿ 297 ರೂಪಾಯಿ. ಜಾಬ್ ಕಾರ್ಡ್ ಮಾಡಿಸಿಕೊಟ್ಟೆವು, ಕೆಲಸವೂ ಬಂತು, ಸ್ವಲ್ಪ ದಿನ. ಆದರೆ ಕೇಂದ್ರದ ಆ ಕಾಯ್ದೆ ಆಗ ವರ್ಷಕ್ಕೆ 100 ದಿನದ್ದಾಗಿತ್ತು, ಅದೂ ಇಡೀ ಮನೆಗೆ. ಗಂಡ ಹೋದರೆ ಹೆಂಡತಿಯ ದಿನ ಕಮ್ಮಿಯಾಗುತ್ತಿತ್ತು.

ಎರಡನೇ ಸಲ ಬಂದದ್ದು ಒಬ್ಬ ಮುದುಕಿ ಮತ್ತು ಮೊಮ್ಮಗ. ಅವರದು ಸುಲಭ ಆಯಿತು, ಆಕೆಯ ಹೆಸರಲ್ಲೇ ಮನೆ ಇತ್ತು. ಇನ್ನೊಂದು ಕುಟುಂಬಕ್ಕೆ ನಾವೇ ಬರಬೇಡಿ ಅಂದೆವು. ಮಗನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಊರಿನ ಗಾಳಿ ಚಂದ ಅಂತ ಆ ಹುಡುಗನನ್ನು ಇಲ್ಲಿ ತಂದು ಏನು ಮಾಡುವುದು? ತಂದೆ ಬೇಜಾರು ಮಾಡಿಕೊಂಡ. ಮಾಡಿಕೊಳ್ಳಲಿ.

ವೈನಿಯ ಮನೆಯವರು ಸಿಕ್ಕಿದ್ದು ಆಮೇಲೆ. ಅವರ ಗಲ್ಲಿಯಲ್ಲಿ ಪುನರ್ವಸತಿ ಯೋಜನೆಯ ಸರ್ವೆ ಆಗಿತ್ತು. ಮಹಾರಾಷ್ಟ್ರದಲ್ಲಿ ಇದಕ್ಕೊಂದು ಗೆರೆ ಇದೆ. 2000ದ ಜನವರಿ 1ಕ್ಕಿಂತ ಮೊದಲಿನ ಗುಡಿಸಲು ಅಂತ ದಾಖಲೆ ಇದ್ದರೆ ಪುಕ್ಕಟೆ ಮನೆ. 2011ರವರೆಗಿನವರಿಗೆ ದುಡ್ಡು ಕಟ್ಟಿ ಮನೆ. ಇವರು ಬಂದದ್ದು 2013ರಲ್ಲಿ, ಅದೂ ಬಾಡಿಗೆಗೆ. ಅಲ್ಲಿಗೆ ಮುಗಿಯಿತು. ಗಂಡ ಗೌಂಡಿ. ಎಷ್ಟೋ ಬಿಲ್ಡಿಂಗ್ ಕಟ್ಟಿದವ. ತನ್ನ ಮನೆಯ ಪತ್ರಾ ಬಿಚ್ಚುವಾಗ ಮೊಳೆಯನ್ನೂ ಬಿಡದೆ ಡಬ್ಬಿಗೆ ಹಾಕಿಕೊಂಡ.

ಈ ಸಲ ನಾನು ಗಂಡನ ಜೊತೆ ಹೆಂಡತಿಯನ್ನೂ ಕೂರಿಸಿಕೊಂಡು ಕೇಳಿದೆ. ಬರ್ತೀರಾ ಅಂತ. ಆಕೆ ಮೂರು ಮಾತು ಹೇಳಿದಳು. ಒಲೆ ಬೇರೆ ಆಗಬೇಕು. ಮನೆಯ ಕಾಗದದಲ್ಲಿ ತನ್ನ ಹೆಸರೂ ಇರಬೇಕು. ಮೂರನೆಯದು ಕುರಿ.

“ನಿಮ್ಮ ದುಡ್ಡಿನ್ಯಾಗ ಕಿರಾಣಿ ಬ್ಯಾಡ್ರಿ. ಎರಡ ಕುರಿ ಕೊಡಸ್ರಿ. ಅದೂ ನನಗ.”

ನಮ್ಮ ಹತ್ತಿರ ಒಂದು ಫಾರ್ಮು ಇತ್ತು, ನಾವೇ ಮಾಡಿದ್ದು. ಅದರಲ್ಲಿ ‘ಕುಟುಂಬದ ಮುಖ್ಯಸ್ಥರಿಗೆ ಬರುವ ಕೆಲಸ’ ಅಂತ ಒಂದು ಕಾಲಂ. ಎಲ್ಲರದೂ ಗೌಂಡಿ, ಬಿಗಾರಿ, ಡ್ರೈವರ್ ಅಂತ ತುಂಬಿದ್ದೆವು. ಹೆಂಡತಿಗೆ ಏನು ಬರುತ್ತದೆ ಅನ್ನುವ ಕಾಲಮ್ಮೇ ಇರಲಿಲ್ಲ. ವೈನಿ ಕುರುಬರ ಮನೆಯ ಮಗಳು. ಮದುವೆಯಾಗುವವರೆಗೂ ಅಪ್ಪನ ಹಿಂದೆ ಕುರಿ ಕಾಯ್ದವಳು. ನಾಲ್ಕು ತಿಂಗಳಿಂದ ಅವರ ಕಾಗದಪತ್ರ ನೋಡುತ್ತಿದ್ದೆ, ನನಗೆ ಗೊತ್ತಿರಲಿಲ್ಲ.

ನಮ್ಮ ತಾಲೂಕಿನ ಮಾಡಗ್ಯಾಳ ಕುರಿ ಹೆಸರುವಾಸಿ. ಬಿಳಿ ಮೈ, ಅಲ್ಲಲ್ಲಿ ಕಂದು ಮಚ್ಚೆ, ಜೋತುಬಿದ್ದ ಉದ್ದ ಕಿವಿ, ಗಿಳಿಯ ಕೊಕ್ಕಿನ ಹಾಗೆ ಬಾಗಿದ ಮೂಗು. ಎತ್ತರದ ಜಾತಿ, ಮಾಂಸಕ್ಕೆ ಬೇಡಿಕೆ ಜಾಸ್ತಿ. ಕೊಳ್ಳಲು ಹೋದ ದಿನ ನಾನು, ಆಕೆಯ ಗಂಡ, ಕಿರಾಣಿ ಅಂಗಡಿಯವ ಮೂವರೂ ಬಿಸಿಲಲ್ಲಿ ಸುಮ್ನೆ ನಿಂತಿದ್ದೆವು. ವ್ಯಾಪಾರವೆಲ್ಲ ಆಕೆಯದೇ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂಡಿನ ಒಳಗೆ ನುಗ್ಗಿದಳು. ಒಂದನ್ನು ಮೊಣಕಾಲಿನ ನಡುವೆ ಹಿಡಿದು, ಹೆಬ್ಬೆರಳಿನಿಂದ ತುಟಿ ಎತ್ತಿ, ಹಲ್ಲು ಎಣಿಸಿ ವಯಸ್ಸು ನೋಡಿದಳು. ‘ನಾಕ ಹಲ್ಲ’ ಅಂತ ಬಿಟ್ಟಳು. ಮತ್ತೊಂದರ ಕೆಚ್ಚಲು ಅಮುಕಿ ನೋಡಿ, ಒಂದು ಕಡೆ ಗಂಟಿದೆ ಅಂತ ಅದನ್ನೂ ಬಿಟ್ಟಳು. ಬೆನ್ನೆಲುಬಿನ ಮೇಲೆ ಬೆರಳು ಎಳೆದಳು. ಕಣ್ಣಿನ ಕೆಳಗಿನ ಚರ್ಮ ಜಗ್ಗಿ ಒಳಗಿನ ಕೆಂಪು ನೋಡಿದಳು. ಬೆಳ್ಳಗಿದ್ದರೆ ಹೊಟ್ಟೆಯಲ್ಲಿ ಹುಳ ಅಂತೆ. ಮುಕ್ಕಾಲು ಗಂಟೆ ಹೀಗೇ ನಡೆಯಿತು. ಮಾರುವವ ಮೊದಲು ನಕ್ಕ, ಆಮೇಲೆ ರೇಗಿದ, ಕೊನೆಗೆ ‘ಯಾರ ಮಗಳವ್ವಾ ನೀ’ ಅಂತ ಕೇಳಿದ. ಅಪ್ಪನ ಹೆಸರು ಹೇಳಿದಳು. ರೇಟು ಎರಡು ಸಾವಿರ ಇಳಿಯಿತು.

ಪುಣೆಯಲ್ಲಿ ಆರು ಸಲ ನೋಡಿದ ಹೆಂಗಸು ಆಕೆಯೇನಾ ಅನ್ನಿಸಿತು. ಅಲ್ಲಿ ಬಾಗಿಲ ಹಿಂದೆ ನಿಂತು ಮಾತಾಡುತ್ತಿದ್ದಳು.

ಮನೆಯ ಕಾಗದ ಇಷ್ಟು ಸಲೀಸಾಗಲಿಲ್ಲ. ಮಹಾರಾಷ್ಟ್ರದಲ್ಲಿ ಹಳ್ಳಿಯ ಮನೆಯನ್ನು ಗಂಡ ಹೆಂಡತಿ ಇಬ್ಬರ ಹೆಸರಿಗೂ ಬರೆಯಬಹುದು, ಪಂಚಾಯ್ತಿಯ ಮನೆ ದಾಖಲೆಯಾದ ನಮುನಾ 8ರಲ್ಲಿ. 1990ರ ಆಸುಪಾಸಿನಲ್ಲಿ ರೈತ ನಾಯಕ ಶರದ ಜೋಶಿಯವರ ಶೇತಕರಿ ಸಂಘಟನೆ ‘ಲಕ್ಷ್ಮೀ ಮುಕ್ತಿ’ ಅಂತ ಚಳವಳಿ ಮಾಡಿ, ಹೆಂಡತಿಯ ಹೆಸರಿಗೆ ಹೊಲ ಬರೆಯಿರಿ ಅಂತ ಗಂಡಸರಿಗೆ ಹೇಳಿತ್ತು. ನಮ್ಮ ಕಡೆ ಅದರ ಗಾಳಿ ಬೀಸಿದ್ದು ನನಗೆ ಗೊತ್ತಿಲ್ಲ. ಅಣ್ಣ ಅರ್ಧ ಅಂಗಳ ಬಿಟ್ಟುಕೊಡಲು ಒಪ್ಪಿದ, ಗೋಡೆಯೂ ಎದ್ದಿತು. ಆದರೆ ‘ಹೆಂಗಸರ ಹೆಸರು ಯಾಕ’ ಅಂತ ಒಂದೇ ಪಟ್ಟು. ನಮ್ಮ ಗೌಂಡಿ ಮೂರು ದಿನ ಅಣ್ಣನ ಜೊತೆ ಮಾತು ಬಿಟ್ಟ. ನಾಲ್ಕನೇ ದಿನ ಸಹಿ ಆಯಿತು. ಆತ ಒಳ್ಳೆಯ ಮನುಷ್ಯ. ಹೆಂಡತಿ ಹೇಳಿದ್ದು ಸರಿ ಅಂತ ಆತನಿಗೆ ಗೊತ್ತಿತ್ತು, ಅದನ್ನು ಅಣ್ಣನ ಮುಂದೆ ಹೇಳಲು ಮೂರು ದಿನ ಬೇಕಾಯಿತು ಅಷ್ಟೇ.

ಗೋಡೆ ಎದ್ದ ಮೇಲೆ ಸಿಮೆಂಟಿನ ತೊಟ್ಟಿ ಎಲ್ಲಿ ಉಳಿಯಿತು ಅಂದುಕೊಂಡಿರಿ? ಅಣ್ಣನ ಪಾಲಿನಲ್ಲಿ. ನಮ್ಮೂರಲ್ಲಿ ಬೇಸಿಗೆಯಲ್ಲಿ ನಳ ಎಂಟು ದಿನಕ್ಕೊಮ್ಮೆ. ಬಂದ ಮೊದಲ ವಾರ ಆ ಮನೆಯಲ್ಲಿ ಸ್ವಂತ ನೀರು ಅಂತ ಇದ್ದದ್ದು ಆ ನೀಲಿ ಡ್ರಮ್ಮಿನಲ್ಲಿ ಮಾತ್ರ. ಆಕೆ ಒಮ್ಮೆಯೂ ನನಗೆ ‘ನೋಡಿದಿರಾ’ ಅನ್ನಲಿಲ್ಲ. ಅಂದಿದ್ದರೆ ಸ್ವಲ್ಪ ಹಗುರ ಆಗುತ್ತಿತ್ತು.

ಹುಡುಗನ ಕಥೆ ಬೇರೆಯೇ. ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದ, ಪುಣೆಯಲ್ಲಿ ಓದಿದ್ದು ಮರಾಠಿ ಶಾಲೆ. ದಾಖಲೆ ಬರುವುದು ತಡವಾಯಿತು. ತಡವಾದರೂ ಮಗುವನ್ನು ಸೇರಿಸಿಕೊಳ್ಳಲೇಬೇಕು, 2009ರ ಶಿಕ್ಷಣ ಹಕ್ಕು ಕಾಯ್ದೆ ಹಾಗೆ ಹೇಳುತ್ತದೆ. ನಾಲ್ಕನೇ ಕ್ಲಾಸಿಗೆ ಕನ್ನಡ ಶಾಲೆಯಲ್ಲಿ ಕೂತ. ಸಂಜೆ ನನ್ನ ಹತ್ತಿರ ಬರುತ್ತಿದ್ದ. ಹದಿನೈದು ದಿನದಲ್ಲಿ ಅಕ್ಷರ ಕಲಿತ, ಚುರುಕು. ಒಂದೇ ತೊಂದರೆ. ‘ಕಮಲ’ ಅಂತ ಬರೆದು, ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆದುಬಿಡುತ್ತಿದ್ದ. ದೇವನಾಗರಿಯ ಅಭ್ಯಾಸ. ‘ಗೆರಿ ಇಲ್ಲಂದ್ರ ಅಕ್ಷರ ಬೀಳತಾವಲ್ರಿ’ ಅಂದ. ರಬ್ಬರಿನಿಂದ ಅಳಿಸಿದೆ, ಮತ್ತೆ ಎಳೆದ. ಆಮೇಲೆ ನಾನೇ ಬಿಟ್ಟುಬಿಟ್ಟೆ. ಆರನೇ ಕ್ಲಾಸಿಗೆ ಬಂದರೂ ಅವಸರದಲ್ಲಿ ಬರೆದರೆ ಇವತ್ತಿಗೂ ಅಲ್ಲೊಂದು ಇಲ್ಲೊಂದು ಗೆರೆ ಕಾಣುತ್ತದೆ.

ಎರಡು ಕುರಿ ಈಗ ಒಂಬತ್ತಾಗಿವೆ. ನಡುವೆ ಎರಡು ಮರಿ ಸತ್ತವು, ಒಂದನ್ನು ತೋಳ ಒಯ್ದಿತು. 2024ರಲ್ಲಿ ಹೆಣ್ಣುಮಕ್ಕಳ ‘ಲಾಡಕಿ ಬಹೀಣ’ ಯೋಜನೆ ಶುರುವಾದ ಮೇಲೆ ತಿಂಗಳಿಗೆ 1,500 ರೂಪಾಯಿ ಆಕೆಯ ಖಾತೆಗೇ ಬರುತ್ತದೆ. ಚುನಾವಣೆಗೆ ತಂದ ಯೋಜನೆ ಅಂತ ನಾನು ಕಟ್ಟೆಯ ಮೇಲೆ ಕೂತು ಭಾಷಣ ಬಿಗಿದಿದ್ದೆ. ಆಕೆ ಆ ದುಡ್ಡಿನಲ್ಲಿ ಮೇವು ಕೊಳ್ಳುತ್ತಾಳೆ. ಗಂಡ ವರ್ಷಕ್ಕೆ ನಾಲ್ಕು ತಿಂಗಳು ಈಗಲೂ ಪುಣೆಗೆ ಹೋಗುತ್ತಾನೆ, ಒಬ್ಬನೇ. ಇದನ್ನು ನೆಲೆಸಿದ್ದು ಅನ್ನಬೇಕೋ ಬೇಡವೋ ಅಂತ ನಮ್ಮ ವಾಟ್ಸಾಪ್ ಗುಂಪಿನಲ್ಲಿ ದೊಡ್ಡ ವಾದವೇ ನಡೆಯಿತು. ವೈನಿಯನ್ನು ಕೇಳಿದರೆ, ‘ಅವ್ರು ಹೋಗ್ಲಿ ಬಿಡ್ರಿ, ಕುರಿಗೆ ಅವರೇನೂ ಬೇಕಾಗಿಲ್ಲ’ ಅಂತ ನಗುತ್ತಾಳೆ.

ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವರ ಮನೆಗೆ ಹೋಗಿದ್ದೆ. ಆಕೆ ಟ್ರಂಕಿನಿಂದ ಒಂದು ಕಾಗದ ತಂದು ಮುಂದಿಟ್ಟಳು. ಮರಾಠಿಯಲ್ಲಿ ಟೈಪಾದದ್ದು, ಸ್ಟಾಂಪು, ರಿಜಿಸ್ಟರ್ ಆದ ಮುದ್ರೆ. ಹಕ್ಕಸೋಡ ಪತ್ರ, ಅಂದರೆ ಆಸ್ತಿಯ ಹಕ್ಕು ಬಿಟ್ಟುಕೊಟ್ಟ ಕಾಗದ. ಅಪ್ಪ ಸತ್ತ ವರ್ಷ ಅಣ್ಣಂದಿರು ಕರೆಸಿ ಸಹಿ ಮಾಡಿಸಿಕೊಂಡಿದ್ದರು. ನಾಲ್ಕು ಎಕರೆ, ಒಂದು ಬೋರು. ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಮಹಾರಾಷ್ಟ್ರ 1994ರಲ್ಲೇ ಕಾಯ್ದೆ ತಂದಿತ್ತು, 2005ರಲ್ಲಿ ದೇಶಕ್ಕೇ ಬಂತು. ಕಾಯ್ದೆ ಬಂದ ಮೇಲೆ ಈ ಕಾಗದವೂ ಜಾಸ್ತಿ ಆಯಿತು. ತವರಿಗೆ ಕರೆಯುತ್ತಾರೆ, ಹೋಳಿಗೆ ಮಾಡುತ್ತಾರೆ, ಸೀರೆ ಉಡಿಸುತ್ತಾರೆ, ಸಹಿ ಹಾಕಿಸುತ್ತಾರೆ.

“ಇದನ್ನ ವಾಪಸ ತಗೋಳಾಕ ಬರತೈತೇನ್ರಿ?”

ರಿಜಿಸ್ಟರ್ ಆದದ್ದು, ಕೋರ್ಟಿಗೆ ಹೋಗಬೇಕು, ಮೋಸದಿಂದ ಬರೆಸಿಕೊಂಡರು ಅಂತ ತೋರಿಸಬೇಕು, ಕಷ್ಟ ಅಂತ ಹೇಳಿದೆ. ಆಕೆ ಕಾಗದವನ್ನು ಅದೇ ಮಡಿಕೆಯಲ್ಲಿ ಮಡಚಿದಳು. ಸೀರೆ ಯಾವುದು ಅಂತ ಕೇಳಿದೆ, ಯಾಕೆ ಕೇಳಿದೆನೋ. ಆಕೆ ಡ್ರಮ್ಮಿನ ಕಡೆ ಕೈ ಮಾಡಿದಳು. ಪುಣೆಯಿಂದ ಬರುವಾಗ ಅದರ ಬಾಯಿಗೆ ಬಿಗಿದಿದ್ದ ಸೀರೆ, ಈಗಲೂ ಅದಕ್ಕೇ ಕಟ್ಟಿತ್ತು. ಹಸಿರು, ಅಂಚು ಕಿತ್ತಿದೆ.

“ನಿಮಗ ತಂಗಿ ಅದಾರಲ್ರಿ ಮಾಸ್ತರ?”

“ಹೂಂ. ಮಿರಜದಾಗ ಇರತಾಳ.”

“ಅವರೂ ಸಹಿ ಮಾಡ್ಯಾರೇನ್ರಿ?”

ಮೂರೂವರೆ ಎಕರೆ ನಮ್ಮದು. ಸಾತಬಾರಾ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಒಂದೇ ಹೆಸರಿದೆ. ತಂಗಿಗೆ ಕೊಟ್ಟ ಸೀರೆಯ ಬಣ್ಣ ನನಗೆ ನೆನಪಿಲ್ಲ.

ಅಷ್ಟರಲ್ಲಿ ಓಣಿಯಲ್ಲಿ ಯಾರೋ ‘ನಳಾ ಬಂತೂ’ ಅಂತ ಕೂಗಿದರು. ಒಂಬತ್ತು ದಿನದ ಮೇಲೆ ಬಂದದ್ದು. ಆಕೆ ಪೈಪು ಎತ್ತಿಕೊಂಡು ಓಡಿದಳು. ನಾನು ಎದ್ದು ಡ್ರಮ್ಮಿನ ಸೀರೆ ಬಿಚ್ಚತೊಡಗಿದೆ. ಗಂಟು ಬಿಗಿಯಾಗಿತ್ತು.